ಕರ್ಸರ್ ಕೇಳುತ್ತ ಹೋದ ದಾರಿ

ತಬಲಾ ಮಾಸ್ತರ ಮಡಿವಾಳಪ್ಪನವರ ಲಿನಕ್ಸ್ ಲ್ಯಾಪ್‌ಟಾಪಿನ ಸ್ಪೀಕರ್ ಒಂದು ಬೆಳಿಗ್ಗೆ ಮೂಕವಾಯಿತು. “ಇದರ ಕಥೆ ಮುಗೀತು, ಬಿಚ್ಚಿ ಬೇರೆ ಹಾಕಬೇಕು” ಎಂದು ಮಾಸ್ತರರು ಸ್ಕ್ರೂಡ್ರೈವರ್ ತಂದರು. ಸ್ಪೀಕರಿಗೆ ಜೀವವೇ ಹೋದಂತಾಯಿತು.

“ಅಳಬೇಡ, ವಿಚಾರಿಸಿಕೊಂಡು ಬರ್ತೀನಿ” ಎಂದು ಪರದೆಯ ಮೇಲೆ ಮಿನುಗುವ ಕರ್ಸರ್ ಹೊರಟಿತು. ಮೊದಲು ಲ್ಯಾಪ್‌ಟಾಪಿನೊಳಗೆ ಸದ್ದು ಹಂಚುವ ಮಿಕ್ಸರನ್ನು ಕೇಳಿತು: “ಅಣ್ಣಾ, ಸದ್ದನ್ನು ಯಾರಿಗೆ ಕೊಟ್ಟೆ?”

“ಇಯರ್‌ಫೋನಿಗೆ. ಅದು ಬಂದು ಕೂತಿದೆ ಅಂತ ಜ್ಯಾಕೇ ಹೇಳಿತಲ್ಲ!”

ಕರ್ಸರ್ ಇಯರ್‌ಫೋನ್ ಸಿಕ್ಕಿಸುವ ಜ್ಯಾಕಿನ ಬಳಿ ಹೋಯಿತು. “ಹೌದು, ನನ್ನೊಳಗೇ ಇದೆ. ಮೈಗೆ ತಾಗ್ತಿದೆ” ಎಂದಿತು ಜ್ಯಾಕ್.

ಗೋಡೆಯ ಮೊಳೆಗೆ ನೇತಾಡುತ್ತಿದ್ದ ಇಯರ್‌ಫೋನ್ ನಕ್ಕಿತು: “ನಾನು ನಿನ್ನೆಯಿಂದ ಇಲ್ಲಿದ್ದೀನಿ ಮಾರಾಯಾ! ನಿನಗೆ ತಾಗ್ತಿರೋದು ಕಸ.”

“ಸುಳ್ಳುಬುರುಕ! ನನ್ನ ಪ್ರಾಣ ತೆಗೀತಿದ್ದೆಯಲ್ಲ” ಎಂದು ಸ್ಪೀಕರ್ ಜ್ಯಾಕಿನ ಮೇಲೆ ರೇಗಿತು.

“ಬೈಬೇಡಪ್ಪಾ” ಎಂದಿತು ಕರ್ಸರ್. “ಹೋದ ನೆಂಟ ಇನ್ನೂ ಮನೇಲೇ ಇದ್ದಾನೆ ಅಂತ ಪಾಪ ನಂಬಿ ಕೂತಿದೆ.” ಆಮೇಲೆ ಮಿಕ್ಸರಿಗೆ ಹೇಳಿ ಸದ್ದನ್ನು ಸ್ಪೀಕರಿನ ಕಡೆ ತಿರುಗಿಸಿತು.

ಸ್ಪೀಕರಿನಲ್ಲಿ ತಬಲಾ ಧೀಂ ಎಂದಿತು. ಮಾಸ್ತರರು ಸ್ಕ್ರೂಡ್ರೈವರ್ ಕೆಳಗಿಟ್ಟು ತಾಳ ಹಾಕತೊಡಗಿದರು. ಸ್ಪೀಕರ್ ಉಪಕಾರ ನೆನೆದು ತಿರುಗಿ ನೋಡಿದರೆ, ಕರ್ಸರ್ ಆಗಲೇ ಕೆಳಗಿನ ಖಾಲಿ ಸಾಲಿಗಿಳಿದು, ಇನ್ಯಾರಿಗೇನು ಕಷ್ಟವೋ ಎಂದು ಮಿನುಗುತ್ತಿತ್ತು.