ಬೆಟ್ಟಕ್ಕೆ ಕಣ್ಣು ಬರೆದವಳು

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿನೂ ಹುಟ್ಟಿರದ ಕಾಲದಲ್ಲಿ, ಒಬ್ಬ ಚಿತ್ರಗಾರನಿಗೆ ಮೂರು ಜನ ಹೆಣ್ಣುಮಕ್ಕಳಿದ್ರಂತೆ. ದೊಡ್ಡೋಳು ದೇವರನ್ನ ಬರೀತಿದ್ಲಂತೆ, ನಡುವಿನೋಳು ರಾಜರಾಣೀರನ್ನ ಬರೀತಿದ್ಲಂತೆ, ಚಿಕ್ಕೋಳು ಸಿರಿಯಕ್ಕ ಮಾತ್ರ ಬಿಸಿಲಲ್ಲಿ ಕೂತು ಬೆಟ್ಟ, ಕೆರೆ, ಹೊಲ ಇವನ್ನೇ ಬರ್ಕೊಂಡಿರ್ತಿದ್ಲಂತೆ. ಬೆಟ್ಟ ಎಲ್ಲಿಗೂ ಓಡಿಹೋಗಲ್ಲ, ಬರೆದು ಯಾರಿಗೆ ತೋರಿಸ್ತೀಯೇ ಅಂತ ಅಕ್ಕಂದಿರು ನಗೋರಂತೆ.

ಆಮೇಲೆ ಏನಾಯ್ತು ಗೊತ್ತಾ? ಆ ಬೆಟ್ಟದ ತಪ್ಪಲಲ್ಲಿ ಕುರಿ ಕಾಯ್ತಿದ್ದ ಮಾಳವ್ವನ್ನ ಕಡಲೂರಿನ ರಾಜ ಮೆಚ್ಚಿ ಮದುವೆಯಾಗಿ ಕರ್ಕೊಂಡು ಹೋದನಂತೆ. ಅಲ್ಲಿ ಎತ್ತ ನೋಡಿದ್ರೂ ನೀರು! ತವರು ನೆನೆಸ್ಕೊಂಡು ರಾಣಿ ಅನ್ನ ಬಿಟ್ಟಳಂತೆ, ಪಲ್ಲಕ್ಕೀಲಿ ಕೂರೋಕೂ ತ್ರಾಣ ಇಲ್ಲದ ಹಾಗೆ ಸೊರಗಿಹೋದಳಂತೆ. ಹೀಗೇ ಬಿಟ್ರೆ ಉಳಿಯಲ್ಲ ಅಂದುಬಿಟ್ರಂತೆ ವೈದ್ಯರು. ಆಗ ರಾಜ, ಅವಳ ತವರನ್ನೇ ಬರೆದು ತೋರಿಸಿ ಅಂತ ಚಿತ್ರಗಾರನ ಮೂವರು ಹೆಣ್ಣುಮಕ್ಕಳಿಗೂ ಹೇಳಿಕಳಿಸಿದನಂತೆ.

ದೊಡ್ಡೋಳು ಊರದೇವತೆನ ಚಿನ್ನದ ಗೆರೇಲಿ ಬರೆದಳಂತೆ, ರಾಣಿ ಕೈ ಮುಗಿದು ಮಗ್ಗುಲು ಹೊರಳಿದಳಂತೆ. ನಡುವಿನೋಳು ರಾಣಿಯ ಅಪ್ಪ ಅವ್ವಂಗೆ ಪೀತಾಂಬರ ಉಡಿಸಿ ಬರೆದಳಂತೆ, ಯಾರಮ್ಮ ಈ ಸಾಹುಕಾರರು ಅಂದಳಂತೆ ರಾಣಿ! ಸಿರಿಯಕ್ಕ ಬೆಟ್ಟದ ತುದೀಲಿ ನಿಂತು ಕಂಡ ಹಾಗೆ ಊರೆಲ್ಲ ಬರೆದಳಂತೆ. ರಾಣಿ ನೋಡಿ, ಚೆನ್ನಾಗಿದೆ, ಇದ್ಯಾವ ಊರು ಅಂದುಬಿಡೋದಾ? ಹೂಂ ಅನ್ನು ಕಂದ, ಈಗ ತೂಕಡಿಸಬೇಡ!

ಆಮೇಲೆ ಸಿರಿಯಕ್ಕ ಮಂಚದ ಪಕ್ಕ ಕೂತು, ನೀವು ನಿಮ್ಮೂರನ್ನ ಎಲ್ಲಿಂದ ನೋಡ್ತಿದ್ರಿ ಅವ್ವಾ, ಅಂತ ಕೇಳಿದಳಂತೆ. ಸಂಜೆ ಕುರಿ ಹೊಡ್ಕೊಂಡು ಬರುವಾಗ ಕೆರೆ ಏರಿ ಮೇಲಿಂದ ಕಣೇ, ಹುಣಸೆಮರದ ಪಕ್ಕ ನಮ್ಮನೆ ಕಾಣೋದು, ಅಂದಳಂತೆ ರಾಣಿ. ಸಿರಿಯಕ್ಕ ಆ ಏರಿ ಮೇಲೂ ಎಷ್ಟೋ ಸಂಜೆ ಕೂತೋಳೇ. ಮಂಚದ ಪಕ್ಕದಲ್ಲೇ ಬಟ್ಟೆ ಹಾಸಿ ಸರಸರ ಬರೆದಳಂತೆ: ಮುಂದೆ ಕುರಿ ಬೆನ್ನು, ಆಚೆ ಮನೆಗಳು, ಹಿಂದೆ ಬೆಟ್ಟ. ಸಿರಿಯಕ್ಕನ ಮನೇಲಿ ಒಂದು ಪದ್ಧತಿ, ಕಣ್ಣು ಕೊನೇಲಿ ಬರೀಬೇಕು, ಆಗಲೇ ಚಿತ್ರಕ್ಕೆ ಜೀವ. ಬೆಟ್ಟ ಗುಡ್ಡಕ್ಕೆ ಕಣ್ಣೆಲ್ಲಿ? ಕುಂಚ ಹಿಡ್ಕೊಂಡು ಯೋಚಿಸಿದಳಂತೆ. ದಣಿದು ಬರೋ ಹುಡುಗಿ ಮೊದಲು ಏನು ನೋಡ್ತಾಳೆ? ಥಟ್ಟನೆ ಹೊಳೀತಂತೆ! ಹುಣಸೆಮರದ ಪಕ್ಕದ ಮನೆ ಮಾಡಿನ ಮೇಲೆ ತೆಳ್ಳಗೆ ಒಂದೆಳೆ ಹೊಗೆ ಬರೆದಳಂತೆ.

ಅಬ್ಬಬ್ಬಾ, ರಾಣಿ ದಡಕ್ಕನೆ ಎದ್ದು ಕೂತಳಂತೆ ನೋಡು! ಅಯ್ಯೋ, ಅವ್ವ ಆಗಲೇ ಒಲೆ ಹಚ್ಚಿದಾಳೆ, ಮುದ್ದೆ ಆರಿದ್ರೆ ಬೈತಾಳೆ, ಬೇಗ ತಟ್ಟೆ ಹಾಕ್ರೇ, ನಂಗೆ ಹಸಿವು, ಅಂದಳಂತೆ! ರಾಜ ಕಿರೀಟ ಬಿದ್ದದ್ದೂ ನೋಡದೆ ಅಡಿಗೆಮನೆಗೆ ಓಡಿದನಂತೆ. ಅಲ್ಲಿ ಯಾರಿಗೂ ಮುದ್ದೆ ತಿರುವೋಕೆ ಬರಲ್ವಂತೆ, ಸಿರಿಯಕ್ಕನೇ ಸೆರಗು ಸಿಕ್ಕಿಸಿ ತಿರುವಿದಳಂತೆ.

ರಾಣಿ ಹೊಟ್ಟೆ ತುಂಬ್ತು, ನನ್ನ ಕತೆನೂ ಮುಗೀತು, ಇನ್ನು ಕಣ್ಣು ಮುಚ್ಚು ಕಂದ.