ಕೂಗಿ ಕರೆದ ದೋಣಿ

“ಗುರುಗಳೇ, ಎಲ್ಲರನ್ನೂ ಅನುಮಾನಿಸುವವನು ಯಾವತ್ತೂ ನಷ್ಟಕ್ಕೆ ಬೀಳುವುದಿಲ್ಲ ಅಲ್ಲವೇ?” ಎಂದು ಶಿಷ್ಯ ಕೇಳಿದ. ಅವನು ಹೊಸದಾಗಿ ಅಂಗಡಿ ಇಟ್ಟಿದ್ದ. ಗುರುಗಳು ಬಹುಕಾಲ ವ್ಯಾಪಾರ ಮಾಡಿ ಬಿಟ್ಟವರು.

“ಅನುಮಾನ ಒಳ್ಳೆಯದೇ. ಅದಿಲ್ಲದೆ ಅಂಗಡಿ ಬಾಗಿಲು ತೆಗೆಯಬೇಡ,” ಎಂದರು ಗುರುಗಳು. “ಆದರೂ ಒಬ್ಬ ಸೀರೆ ವರ್ತಕನ ಕತೆ ಹೇಳುತ್ತೇನೆ, ಕೇಳು.”

ಒಬ್ಬ ಸೀರೆ ವರ್ತಕನಿದ್ದ. ಅವನಿಗೆ ಒಬ್ಬ ಮಗ, ಅವನ ಬೆನ್ನಿಗೆ ಒಬ್ಬಳು ಮಗಳು. ಊರ ಹೊರಗೆ ಒಂದು ಮನರಂಜನಾ ಪಾರ್ಕ್ ಇತ್ತು. ಅದರ ಒಂದು ಭಾಗವನ್ನು ಚಿಕ್ಕ ಮಕ್ಕಳಿಗೆಂದೇ ಕಾಡಿನಂತೆ ಕಟ್ಟಿದ್ದರು. ಸಿಮೆಂಟಿನ ಮರಗಳು, ಗುಹೆಯೊಳಗೆ ಓಡುವ ರೈಲು, ಕರಡಿ ವೇಷದ ಮನುಷ್ಯ, ಒಂದು ಕೊಳ. ಕೊಳದಲ್ಲಿ ಬಾತುಕೋಳಿಯ ಆಕಾರದ ದೋಣಿಗಳು. ಅಲ್ಲಿಗೆ ಹೋಗುವ ದಾರಿಯಲ್ಲಿ ಮರದ ಕೊಕ್ಕರೆಯೊಂದು ಕೊಕ್ಕು ಚಾಚಿ ನಿಂತಿತ್ತು. ಕೊಕ್ಕು ತಲೆಗೆ ತಾಗದಂತೆ ಅದರಡಿ ಬಗ್ಗದೆ ಹಾಯುವ ಮಕ್ಕಳಿಗೆ ಮಾತ್ರ ಆ ದೋಣಿ.

ಹಿಂದಿನ ವರ್ಷ ಮಗ ದೋಣಿಯಲ್ಲಿ ಕೂತು ಬಂದಿದ್ದ. ಮಗಳು ಜ್ವರ ಬಂದು ಮನೆಯಲ್ಲಿ ಮಲಗಿದ್ದಳು. ಅಣ್ಣ ವರ್ಷವಿಡೀ ದೋಣಿಯ ಮಾತನ್ನೇ ಆಡಿ ತಂಗಿಯ ಹೊಟ್ಟೆ ಉರಿಸಿದ್ದ. ಈ ವರ್ಷ ಅವಳನ್ನು ಕೂರಿಸಲೇಬೇಕಿತ್ತು. ಅವಳು ಬೇಗ ಬೇಗ ಉದ್ದವಾಗುತ್ತಿದ್ದಳು. ಈ ರಜೆ ಕಳೆದರೆ ಕೊಕ್ಕರೆ ಒಳಗೆ ಬಿಡುವುದಿಲ್ಲವೆಂದು ಮನೆಯವರಿಗೆಲ್ಲ ಗೊತ್ತಿತ್ತು.

ವರ್ತಕ ಆ ದಿನವನ್ನು ಮೊದಲೇ ಯೋಚಿಸಿಟ್ಟ. ಗೇಟು ತೆಗೆಯುವ ಹೊತ್ತಿಗೆ ಅಲ್ಲಿರಬೇಕು. ಬುತ್ತಿ ಮನೆಯಿಂದಲೇ ಬರಬೇಕು. ಒಳಗೆ ಹೋದ ಮೇಲೆ ಪೇಟೆಯ ನಿಯಮ: ಮೊದಲ ಸುತ್ತು ಕಣ್ಣಿಗೆ, ಎರಡನೆಯ ಸುತ್ತು ಕೈಗೆ. ಎಲ್ಲವನ್ನೂ ನೋಡಿ ತೂಗದೆ ಯಾವುದನ್ನೂ ಮುಟ್ಟುವಂತಿಲ್ಲ. ಸಗಟು ಸೀರೆ ತರುವಾಗ ಅವನು ಪಾಲಿಸುತ್ತಿದ್ದದ್ದು ಅದೇ ನಿಯಮ. ಅದು ಅವನಿಗೆ ಎಂದೂ ಕೈ ಕೊಟ್ಟಿರಲಿಲ್ಲ.

ಕಾಡಿನೊಳಗೆ ಕಾಲಿಡುತ್ತಲೇ ಮೊದಲು ಸಿಕ್ಕಿದ್ದು ಕೊಳ. ದೋಣಿಗಳು ಖಾಲಿ ಇದ್ದವು. ದೋಣಿ ಹತ್ತಿಸುವ ಹೆಂಗಸು ಎದ್ದು ಬಂದು ಕರೆದಳು. “ಬನ್ನಿ ಅಣ್ಣಾ, ಮಗೂನ ಈಗಲೇ ಕೂರಿಸಿಬಿಡಿ. ಸ್ಕೂಲ್ ಬಸ್ಸುಗಳು ಬಂದ್ರೆ ಆಮೇಲೆ ಜಾಗ ಸಿಗಲ್ಲ. ಮಧ್ಯಾಹ್ನದ ಮೇಲೆ ಕೊಳಕ್ಕೆ ದೊಡ್ಡವರ ದೋಣಿ ಇಳಿಸ್ತಾರೆ.”

ವರ್ತಕ ನಕ್ಕು ಹೆಂಡತಿಗೆ ಹೇಳಿದ: “ನನ್ನ ಹತ್ರಾನೇ ಈ ಮಾತು! ‘ಇದೊಂದೇ ಸೀರೆ ಉಳಿದಿರೋದು ಅಕ್ಕಾ, ಸಂಜೆಗೆ ಇರಲ್ಲ’ ಅಂತ ದಿನಾ ಹೇಳೋನು ನಾನು. ಕೂಗಿ ಕರೆಯೋ ಸರಕು ಯಾವತ್ತೂ ಹೋಗದೆ ಉಳಿದ ಸರಕೇ. ಒಂದು ಸುತ್ತು ನೋಡಿ ಬರೋಣ ನಡಿ.”

“ನನ್ನನ್ನ ನೋಡೋಕೆ ಬಂದಾಗಲೂ ಹೀಗೇ, ಇನ್ನೆರಡು ಮನೆ ನೋಡಿ ಹೇಳ್ತೀನಿ ಅಂದಿದ್ರಿ,” ಎಂದಳು ಹೆಂಡತಿ.

“ನೋಡಿ ಬಂದು ನಿನ್ನನ್ನೇ ಒಪ್ಪಿದೆನಲ್ಲ?”

“ನಾನೇನೋ ಕಾದಿದ್ದೆ. ದೋಣಿ ಕಾಯುತ್ತೋ ಇಲ್ಲವೋ.”

ಮಗಳು ಆಗಲೇ ಕೊಕ್ಕರೆಯ ಅಡಿ ನಿಂತಿದ್ದಳು. ಕೊಕ್ಕು ಕೂದಲನ್ನು ಸವರಿತು, ತಲೆಗೆ ತಾಗಲಿಲ್ಲ. ವರ್ತಕ ಅವಳ ಕೈ ಹಿಡಿದು ಮುಂದೆ ನಡೆದ.

ಅವನ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ ಎನ್ನುವುದನ್ನೂ ಕೇಳು. ಕರಡಿ ಬಂದು ಮಗನ ಭುಜದ ಮೇಲೆ ಕೈ ಹಾಕಿತು. “ಅದರ ಹಿಂದೆ ಹೋಗಬೇಡ,” ಎಂದ ವರ್ತಕ. ನಾಲ್ಕು ಹೆಜ್ಜೆ ಹಿಂಬಾಲಿಸಿ ನೋಡಿದರೆ ಕರಡಿ ಬೇರೆ ಮಕ್ಕಳನ್ನು ಕರೆದುಕೊಂಡು ನೇರ ಗೊಂಬೆ ಅಂಗಡಿಯೊಳಗೆ ಹೋಯಿತು. ಗುಹೆಯ ರೈಲಿನ ಮುಂದೆ, ಬಹಳ ಹೊತ್ತು ಕಾಯಬೇಕೆಂದು ಬೋರ್ಡ್ ಹಾಕಿದ್ದರು. ವರ್ತಕ ನಿಂತು ಸಾಲನ್ನು ನೋಡಿದ. ಸಾಲು ಸರಸರನೆ ಸರಿಯುತ್ತಿತ್ತು. “ಜನರನ್ನ ಆ ಕಡೆ ತಿಂಡಿ ಅಂಗಡಿಗೆ ಅಟ್ಟೋಕೆ ಹಾಕಿರೋದು,” ಎಂದ. ಅದೂ ನಿಜವಾಗಿತ್ತು. ರೈಲು ಇಳಿದವರು ಎಲ್ಲಿ ಹೊರಬರುತ್ತಾರೆ ಎಂದು ಗುಹೆಯ ಹಿಂದಕ್ಕೆ ಹೋಗಿ ಪರೀಕ್ಷಿಸಿದ. ಅಲ್ಲೂ ಒಂದು ಅಂಗಡಿ. ಮಕ್ಕಳ ಕೈಗೆ ಎಟುಕುವ ಎತ್ತರಕ್ಕೇ ಚಾಕೊಲೇಟ್ ಜೋಡಿಸಿದ್ದರು. ವರ್ತಕನಿಗೆ ಸಂತೋಷವಾಯಿತು. ತನ್ನ ಕಸುಬಿನವರೇ ಕಟ್ಟಿದ ಊರಿನಲ್ಲಿ ತಾನೊಬ್ಬನೇ ಮೋಸಹೋಗದೆ ನಡೆಯುತ್ತಿದ್ದೇನೆ ಎಂದುಕೊಂಡ. ಮಗಳು ಕೈ ಜಗ್ಗಿದಾಗಲೆಲ್ಲ “ಬಂದೆವು, ಬಂದೆವು” ಎನ್ನುತ್ತಿದ್ದ.

ಸುತ್ತು ಮುಗಿಸಿ ಕೊಳಕ್ಕೆ ಮರಳಿದಾಗ ಸಾಲು ಸಿಮೆಂಟಿನ ಮರಗಳನ್ನು ಬಳಸಿಕೊಂಡು ಗೇಟಿನವರೆಗೆ ಬೆಳೆದಿತ್ತು. ಎಲ್ಲರೂ ಸಮವಸ್ತ್ರದ ಮಕ್ಕಳು. ಅವರ ಹಿಂದೆ ನಿಂತರು. ಮಗಳು ತುದಿಗಾಲಲ್ಲಿ ನಿಂತು ದೋಣಿಗಳನ್ನು ನೋಡುತ್ತಿದ್ದಳು. ತಾಯಿ ಅವಳ ಭುಜ ಒತ್ತಿ, “ಉದ್ದ ನಿಲ್ಲಬೇಡ ಕಣೇ,” ಎಂದಳು. ಅವರ ಮುಂದೆ ಇನ್ನೂ ಕೆಲವೇ ಮಕ್ಕಳಿದ್ದಾಗ ಆ ಹೆಂಗಸು ಹಗ್ಗ ಎಳೆದು ಕಟ್ಟಿದಳು. ದೊಡ್ಡವರ ದೋಣಿ ಇಳಿಸುವ ಹೊತ್ತಾಯಿತೆಂದು ಬಾತುಕೋಳಿ ದೋಣಿಗಳನ್ನು ದಡಕ್ಕೆ ಎಳೆದರು.

ವರ್ತಕ ರೇಗಿದ. “ಒಂದು ಮಗುವಿಗಾದರೂ ಬಿಡಬಾರದಾ?”

“ಬಿಟ್ಟರೆ ಇವರನ್ನೆಲ್ಲ ಬಿಡಬೇಕಲ್ಲಣ್ಣಾ,” ಎಂದಳು ಹೆಂಗಸು. “ಬೆಳಗ್ಗೆ ಬಾಯಿ ತುಂಬ ಕರೆದೆ. ನೀವೇ ನಕ್ಕು ಹೋದ್ರಿ.”

ವರ್ತಕ ಮಕ್ಕಳನ್ನು ಗುಹೆಯ ರೈಲು ಹತ್ತಿಸಿದ. ಅಲ್ಲಿ ಕಾಯಬೇಕಾಗಲಿಲ್ಲ. ಮಗಳು ಸುಮ್ಮನೆ ಕೂತು ಸುಮ್ಮನೆ ಇಳಿದಳು.

ಮುಂದಿನ ರಜೆಗೆ ಮತ್ತೆ ಬಂದರು. ಈ ಸಲ ವರ್ತಕ ಯಾವ ಸುತ್ತೂ ಹಾಕಲಿಲ್ಲ. ನೇರ ಕೊಳಕ್ಕೆ ನಡೆದ. ದೋಣಿಗಳು ಖಾಲಿ ಇದ್ದವು. ಮಗಳು ಕೊಕ್ಕರೆಯ ಅಡಿ ಹೋದಳು. ಕೊಕ್ಕು ಹಣೆಗೆ ತಗುಲಿತು. ಅವಳು ಮೊಣಕಾಲು ಮಡಿಸಿ ನೋಡಿದಳು. ಹೆಂಗಸು ಬೇರೆ ಕಡೆ ಮುಖ ತಿರುಗಿಸಿಕೊಂಡಳು, ಆದರೆ ಒಳಗೆ ಬಿಡಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆದರೂ ಗುರುಗಳೇ, ಕರಡಿಯ ವಿಷಯದಲ್ಲಿ ಅವನೇ ಸರಿ. ಬೋರ್ಡಿನ ವಿಷಯದಲ್ಲೂ ಸರಿ, ಅಂಗಡಿಯ ವಿಷಯದಲ್ಲೂ ಸರಿ. ಅವನ ಅನುಮಾನ ತಪ್ಪಿದ್ದು ಒಂದೇ ಒಂದು ಕಡೆ.”

“ಹೌದು,” ಎಂದರು ಗುರುಗಳು, “ಮಗು ಕೇಳಿದ್ದೂ ಅದೊಂದನ್ನೇ.”