ಘಾಟು ಯಾರದು?

ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮಿನಲ್ಲಿ ಚೀಲ ಎತ್ತಿಡುವ ಗ್ಯಾಸ್ ಗಾಡಿಯೊಂದಿತ್ತು. ಅದರ ಥ್ರಾಟಲ್‌ಗೆ ಮಹಾ ಜಂಬ. ತಾನು ಬಾಯಿ ತೆರೆದರೆ ತಾನೆ ಗಾಳಿಯೂ ಗ್ಯಾಸೂ ಎಂಜಿನ್ನಿನ ಒಳಗೆ ಹೋಗುವುದು.

ಹೊಗೆಕೊಳವೆಯಲ್ಲಿ ಕೂತು, ಎಂಜಿನ್ ಬಿಟ್ಟ ಉಸಿರನ್ನು ಮೂಸಿ ನೋಡುವುದು ಸೆನ್ಸರಿನ ಕೆಲಸ. "ಗ್ಯಾಸು ಹೆಚ್ಚಾಯಿತು. ಪೂರ್ತಿ ಉರಿಯದೆ ವಿಷವಾಗುತ್ತಿದೆ" ಎಂದು ಅದು ಎಚ್ಚರಿಸಿತು.

"ಹಿಂಬಾಗಿಲಲ್ಲಿ ಕೂತು ಮುಂಬಾಗಿಲಿಗೆ ಬುದ್ಧಿ ಹೇಳಬೇಡ" ಎಂದಿತು ಥ್ರಾಟಲ್. ಗ್ಯಾಸು ಬಿಡುವ ವಾಲ್ವೂ ಥ್ರಾಟಲ್ ಕಡೆಗೇ ವಾಲಿತು; ಗ್ಯಾಸು ತಗ್ಗಿಸಲಿಲ್ಲ.

ಮಧ್ಯಾಹ್ನ, ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ನೀಲವ್ವ ತಲೆ ಹಿಡಿದುಕೊಂಡು ಕುಸಿದಳು.

"ಖಾರದ ಘಾಟು ಐತಿ ಯವ್ವಾ, ನೀರ ಕುಡಿ" ಎನ್ನುತ್ತ ಜೊತೆಯವರು ಅವಳನ್ನು ಬಾಗಿಲ ಗಾಳಿಗೆ ಕರೆದೊಯ್ದರು.

"ಅದು ನಮ್ಮ ಉಸಿರು" ಎಂದಿತು ಸೆನ್ಸರ್. "ಬೈಗುಳ ಮಾತ್ರ ಮೆಣಸಿನಕಾಯಿಗೆ."

ಥ್ರಾಟಲ್ ಬಾಯಿ ಮುಚ್ಚಿತು. ಎಂಜಿನ್ ಸದ್ದು ತಗ್ಗಿತು. "ವಾಲ್ವೇ, ಇನ್ನು ಸೆನ್ಸರಣ್ಣ ಹೇಳಿದಷ್ಟೇ ಗ್ಯಾಸು ಬಿಡು" ಎಂದಿತು ಥ್ರಾಟಲ್.

ಸಂಜೆಗೆ ನೀಲವ್ವ ಬಂದು ರಾಶಿಯ ಮುಂದೆ ಕೂತಳು. ಕೂತವಳೇ ಜೋರಾಗಿ ಸೀನಿದಳು.

ಥ್ರಾಟಲ್ ಬೆಚ್ಚಿತು. "ಅಣ್ಣಾ, ಅದು ನಮ್ಮಿಂದಲೇ?"

ಸೆನ್ಸರ್ ಒಮ್ಮೆ ಮೂಸಿ ನೋಡಿತು. "ಇಲ್ಲ ತಮ್ಮಾ, ಈ ಸಲ ಮೆಣಸಿನಕಾಯಿಯೇ."